ಏಳು ಕವಡೆ, ಒಂದು ನಿಯಮ

ನಮ್ಮತ್ತೆಯ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಮುಷ್ಟಿಯಲ್ಲಿ ಏಳು ಕವಡೆ ಕುಲುಕುವಾಗಲೂ ಅದೊಂದು ನೆಟ್ಟಗೆ ನಿಂತು, ಎದುರಿಗಿದ್ದವರನ್ನು ಗದರುವ ಹಾಗೆ ಕಾಣುತ್ತಿತ್ತು. ಗುಂಡ್ಲುಪೇಟೆಯ ಆ ಮನೆಯಲ್ಲಿ ಸಾರಿಗೆ ಹುಳಿ ಎಷ್ಟು ಎಂಬುದರಿಂದ ಹಿಡಿದು ಯಾರು ಯಾವ ಸೀರೆ ಉಡಬೇಕು ಎಂಬುದರವರೆಗೆ ಎಲ್ಲ ಅವರದೇ ತೀರ್ಮಾನ.

ನಮ್ಮ ಯಜಮಾನರು ಊಟಿ ರಸ್ತೆಯ ಲಾಡ್ಜೊಂದರಲ್ಲಿ ಮ್ಯಾನೇಜರು. ಯಾರೋ ಪ್ರವಾಸಿಗರು ರೂಮಿನಲ್ಲಿ ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು, ಎರಡು ತಿಂಗಳಾದರೂ ಕೇಳುವವರು ಬಾರದೆ, ಮನೆಗೆ ತಂದರು. ರಟ್ಟಿನ ಮೇಲೆ ಬೆಂಕಿಯುಗುಳುವ ರೆಕ್ಕೆಯ ಸರ್ಪ. ಒಳಗೆ ಒಂದು ಆಟದ ನಿಯಮಗಳು: ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬರು ಕಥೆ ನಡೆಸಬೇಕು, ಮಿಕ್ಕವರು ಕಥೆಯೊಳಗಿನ ವೀರರಾಗಬೇಕು, ಗಂಡಾಂತರ ಬಂದರೆ ದಾಳ ಉರುಳಿಸಬೇಕು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಸಾಲಿನ ಕೆಳಗೆ ಬೆರಳಾಡಿಸುತ್ತಾ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಕ್ಷರ ಬಾರದ ಅತ್ತೆ ನೆಟ್ಟ ಕಣ್ಣಿನಿಂದ ಪುಸ್ತಕವನ್ನೇ ನೋಡುತ್ತಾ ಕೇಳುತ್ತಿದ್ದರು. "ಇದ ನಾನೇ ನಡುಸ್ತೀನಿ, ಬುಡು" ಅಂದರು. ದಾಳದ ಬದಲು ಕವಡೆ ಬಂತು: ಏಳರಲ್ಲಿ ನಾಲ್ಕಾದರೂ ಬಾಯಿ ಮೇಲಾಗಿ ಬಿದ್ದರೆ ಬದುಕಿದೆವು. ಮಧ್ಯಾಹ್ನ ಊಟವಾದ ಮೇಲೆ ನಾನೂ ನಾದಿನಿಯೂ ಅತ್ತೆ ಕಟ್ಟಿದ ಕಾಡಿನಲ್ಲಿ ಅಲೆಯುತ್ತಿದ್ದೆವು. ನಾದಿನಿ ಬಿಲ್ಲುಗಾತಿ.

ಒಂದು ದಿನ ಆಟದಲ್ಲಿ ಅವಳು ಮುರುಕಲು ಸೇತುವೆಯ ಮುಂದೆ ನಿಂತಳು. ಹಿಂದೆ ಒಂಟಿ ಸಲಗ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ನೀ ಎದುರ್ಕೊಂಡು ಮರ ಅತ್ತ್‌ಬುಟ್ಟೆ ಕಣಮ್ಮಿ."

"ನಾ ಅಂಗಂದ್ನಾ ಅವ್ವಾ?" ಅವಳ ಕಣ್ಣು ತುಂಬಿತ್ತು. ಆ ಅಳು ಸೇತುವೆಗಷ್ಟೇ ಅಲ್ಲವೆಂದು ನನಗೆ ಗೊತ್ತಿತ್ತು. ಚಾಮರಾಜನಗರದಲ್ಲಿ ಟೀಚರ್ ಟ್ರೇನಿಂಗಿಗೆ ಅವಳಿಗೆ ಸೀಟು ಸಿಕ್ಕಿತ್ತು. ಅತ್ತೆ ಅವಳನ್ನು ಕೇಳದೆಯೇ ಬೇಗೂರಿನ ಗಂಡಿಗೆ ಮಾತು ಕೊಟ್ಟಿದ್ದರು.

ನಾನು ಪುಸ್ತಕ ಬಿಚ್ಚಿ ಓದಿದೆ: "ಆಟ ನಡೆಸುವವರು ಆಟಗಾರರ ಪರವಾಗಿ ತಾವೇ ತೀರ್ಮಾನಿಸಕೂಡದು. ಅವರನ್ನು ಕೇಳಬೇಕು."

"ಅಂಗಂತ ಬರ್ದದಾ?"

"ಬರೆದಿದೆ ಅತ್ತೆ."

ಬರೆದಿರಲಿಲ್ಲ. ಆ ಪುಟದಲ್ಲಿದ್ದದ್ದು ಕಬ್ಬಿಣದ ಕವಚಗಳ ತೂಕದ ಪಟ್ಟಿ. ಅತ್ತೆ ನನ್ನನ್ನೂ ಪುಟವನ್ನೂ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಸರಿ. ಈಗ ಏನ್ ಮಾಡೀಯೆ?" ಅಂದರು. ನಾದಿನಿ ಸೇತುವೆ ದಾಟಿದಳು. ಐದು ಬಾಯಿ ಮೇಲಾಗಿ ಬಿದ್ದವು.

ಮುಂದಿನ ಶುಕ್ರವಾರ ಬೇಗೂರಿನವರು ಬಂದರು. ಸೋಮವಾರ ಟ್ರೇನಿಂಗಿಗೆ ಸೇರಲು ಕೊನೆಯ ದಿನ; ಅದನ್ನು ನೆನೆಯುವವರೇ ಇರಲಿಲ್ಲ. ಕಾಫಿ ಲೋಟಗಳನ್ನಿಡುವಾಗ ನೋಡಿದೆ, ನಾದಿನಿ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು; ಬೆರಳು ಬೆಳ್ಳಗಾಗಿತ್ತು. ಅತ್ತೆ ತಾಂಬೂಲದ ತಟ್ಟೆ ಎತ್ತಿದರು. ಅದು ಎದುರಿನವರ ಕೈಗೆ ಹೋದರೆ ಮುಗಿಯಿತು. ತಟ್ಟೆಯಂಚಿನಲ್ಲಿ ಆ ಕಿರುಬೆರಳು ನೆಟ್ಟಗೆ ನಿಂತಿತ್ತು. ಗಂಡಿನ ಸೋದರಮಾವ ಕೈ ಚಾಚಿದ್ದರು.

ಅತ್ತೆ ಅಲ್ಲೇ ತಡೆದು, ಮಗಳ ಕಡೆ ತಿರುಗಿದರು.

"ಈಗ ಏನ್ ಮಾಡೀಯೆ?"

ಸೋದರಮಾವ ನಕ್ಕರು. "ಇದೇನಮ್ಮ, ಎಣ್ಣ ಕೇಳ್ಬುಟ್ಟು ಮಾತಾಡದಾ? ನಮ್ಮ ಕಡ ಇಲ್ಲ ಬುಡಿ."

"ನಮ್ಮನೇಲಿ ಅದೆ. ಬರ್ದದೆ" ಅಂದರು ಅತ್ತೆ.

ಎಲ್ಲಿ, ತೋರಿಸಿ ಎಂದು ಯಾರಾದರೂ ಕೇಳಿದರೆ?

"ನಗರಕ್ಕೆ ಓದಕ್ ಓಯ್ತಿನಿ ಅವ್ವಾ" ಎಂದಳು ನಾದಿನಿ, ನೆಲ ನೋಡುತ್ತಾ.

ಅತ್ತೆ ತಟ್ಟೆಯನ್ನು ಕೆಳಗಿಟ್ಟರು. ಬೇಗೂರಿನವರು ಎದ್ದುಹೋದರು. ಆರು ಲೋಟ ಕಾಫಿ ಕೆನೆಗಟ್ಟಿ ಹಾಗೇ ಉಳಿಯಿತು. ಯಜಮಾನರು ನಾಲ್ಕು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಮಗಳನ್ನು ಚಾಮರಾಜನಗರದ ಬಸ್ಸು ಹತ್ತಿಸಿದ್ದು ಅತ್ತೆಯೇ.

ಆರು ವರ್ಷದ ಮೇಲೆ ಅತ್ತೆ ಹಾಸಿಗೆ ಹಿಡಿದರು. ಗಂಜಿ ಕುಡಿಸುತ್ತಾ ಒಂದು ದಿನ ಹೇಳಿಬಿಟ್ಟೆ: "ಅತ್ತೆ, ಪುಸ್ತಕದಲ್ಲಿ ಹಾಗಂತ ಬರೆದಿರಲಿಲ್ಲ."

"ಗೊತ್ತು ಕಣವ್ವ. ಓದುವಾಗ ನಿನ್ ಬೆಳ್ಳು ಸಾಲ್ ಜೊತ್ಗೆ ಓಯ್ತಿತ್ತು. ಅವತ್ತು ನಿಂತಲ್ಲೇ ನಿಂತಿತ್ತು."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

ಅವರು ಬಾಯೊರೆಸಿಕೊಂಡರು. "ಬರ್ದಿರ್ಬೇಕಾಗಿತ್ತು ಅನ್ನುಸ್ತು."

ಆ ವಾರವೇ ಹೋದರು. ತಿಥಿಗೆ ಬಂದ ನಾದಿನಿ ಕವಡೆಗಳನ್ನು ತನ್ನ ಶಾಲೆಯ ಮಕ್ಕಳಿಗೆಂದು ಒಯ್ದಳು. ಪುಸ್ತಕ ನನ್ನ ಬಳಿ ಉಳಿಯಿತು. ತೂಕದ ಪಟ್ಟಿಯ ಕೆಳಗೆ ಬೆರಳಗಲ ಖಾಲಿ ಜಾಗವಿತ್ತು. ಅಲ್ಲಿ ಪೆನ್ಸಿಲಿನಿಂದ, ಕನ್ನಡದಲ್ಲೇ, ಆ ನಿಯಮವನ್ನು ಬರೆದಿಟ್ಟೆ.