ನಾನು ನೋಡದ ಕೊನೆಯ ಕಿಕ್

ನನಗೆ ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಹತ್ತು ವರ್ಷದ ಹಿಂದೆ ಮೆಲ್ಬರ್ನ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವಳು ಕಣ್ಣಾರೆ ನೋಡಿದ್ದನ್ನು ನಾನು ನೋಡಲಿಲ್ಲ. ಇದನ್ನು ಇಲ್ಲಿ ಸಿಯಾಟಲ್‌ಗೆ ಬಂದಮೇಲೂ ಮರೆಯಲಾಗಿಲ್ಲ.

ಆಗ ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆವು. ಮಗಳು ಎಂಟು ತಿಂಗಳ ಕೂಸು. ಬಾಣಂತನಕ್ಕೆ ಬಂದಿದ್ದ ಅತ್ತೆಯವರು ಇನ್ನೂ ವಾಪಸ್ ಹೋಗಿರಲಿಲ್ಲ. ಆಫೀಸಿನಲ್ಲಿ ಯಾರೋ ಅಲ್ಲಿಯವರ ಫುಟ್‌ಬಾಲ್ ಪಂದ್ಯಕ್ಕೆ ಎರಡು ಟಿಕೆಟ್ ಕೊಟ್ಟರು. ಕೂಸನ್ನು ಅಜ್ಜಿಯ ಕೈಗೊಪ್ಪಿಸಿ, ಹೆರಿಗೆಯಾದಮೇಲೆ ಮೊದಲ ಸಲ ನಾವಿಬ್ಬರೇ ಹೊರಗೆ ಹೊರಟೆವು.

ಆ ಆಟ ನೋಡದವರಿಗೆ ಎರಡು ಮಾತು ಹೇಳಬೇಕು. ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟ್, ಪಕ್ಕದ ಸಂದಿಯಲ್ಲಿ ಹೋದರೆ ಒಂದೇ. ಯಾರಾದರೂ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಆಟ ಮುಗಿದ ಸೈರನ್ ಕೂಗಿದರೂ ಅವನು ನಿಧಾನವಾಗಿ ಗುರಿಯಿಟ್ಟು ಒದೆಯಬಹುದು.

ನಮ್ಮ ಏರಿಯಾದ ತಂಡ ಹದಿನಾರು ಪಾಯಿಂಟ್ ಹಿಂದಿತ್ತು, ಐದು ನಿಮಿಷ ಬಾಕಿ. ಅಲ್ಲಿ ನನ್ನ ರಕ್ತದಲ್ಲಿರುವ ರೋಗ ಎದ್ದಿತು. ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಕರ್ಚೀಫ್ ಹಾಕಿ ಇಡೀ ಮನೆಮಂದಿಗೆ ಸೀಟ್ ಹಿಡಿಯುತ್ತಿದ್ದವನು ನಾನು. ಇಷ್ಟು ಸಾವಿರ ಜನ ಒಟ್ಟಿಗೆ ಎದ್ದರೆ ಟ್ರೈನಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

"ನಾನು ಮುಂದೆ ಹೋಗಿ ಸೀಟ್ ಹಿಡಿದಿರ್ತೀನಿ, ನೀನು ಸೈರನ್ ಆದ ತಕ್ಷಣ ಬಾ" ಎಂದೆ.

"ಮುಗಿದೇ ಹೋಯ್ತಲ್ರೀ, ಐದೇ ನಿಮಿಷ" ಎಂದಳು. ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

ಪಕ್ಕದ ಸ್ಟೇಷನ್ನಿನಲ್ಲಿ ಖಾಲಿ ಬೋಗಿಯ ಕಿಟಕಿ ಪಕ್ಕ ಕೂತು, ಇನ್ನೊಂದು ಸೀಟಿಗೆ ಜಾಕೆಟ್ ಹಾಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆಗ ಕ್ರೀಡಾಂಗಣದ ಕಡೆಯಿಂದ ಒಂದು ಕೂಗು ಎದ್ದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಏನೂ ಇಲ್ಲ, ಉಸಿರು ಬಿಗಿಹಿಡಿದ ಹಾಗೆ. ಮೂರನೆಯ ಕೂಗಿಗೆ ಪ್ಲಾಟ್‌ಫಾರ್ಮಿನಲ್ಲಿದ್ದ ಗಾರ್ಡ್ ಕೂಡ ತಿರುಗಿ ನೋಡಿದ. ಕೊನೆಯ ಐದು ನಿಮಿಷದಲ್ಲಿ ನಮ್ಮವರು ಎರಡು ಗೋಲ್ ಹೊಡೆದು, ಸೈರನ್ ಆದಮೇಲೆ ಐವತ್ತು ಮೀಟರ್‌ನಿಂದ ಒಬ್ಬ ಒದ್ದ ಚೆಂಡಿನಿಂದ ಎರಡು ಪಾಯಿಂಟ್ ಅಂತರದಲ್ಲಿ ಗೆದ್ದಿದ್ದರೆಂದು ಆಮೇಲೆ ತಿಳಿಯಿತು.

ಹೆಂಡತಿ ಬರಲಿಲ್ಲ. ಟ್ರೈನ್ ಹೊರಡುವಾಗ ಇಳಿದೆ. ಮುಂದಿನದಕ್ಕೆ ಹತ್ತಿ ಮತ್ತೆ ಎರಡು ಸೀಟ್ ಹಿಡಿದೆ, ಮತ್ತೆ ಇಳಿದೆ. ಹೀಗೆ ಮೂರು ಟ್ರೈನ್. ಕೊನೆಗೆ ಬಂದಳು. ಗಂಟಲು ಪೂರ್ತಿ ಕಟ್ಟಿತ್ತು, ಕೊರಳಲ್ಲಿ ಯಾರದೋ ಸ್ಕಾರ್ಫ್. ಗುರುತೇ ಇಲ್ಲದ ಹೆಂಗಸರು ಅಪ್ಪಿಕೊಂಡರಂತೆ. ಮನೆವರೆಗೂ ನಿಂತುಕೊಂಡೇ ಹೋದೆವು.

ಈಗ ನಾವು ಸಿಯಾಟಲ್ ಹೊರವಲಯದ ನಾರ್ತ್ ಕ್ರೀಕ್‌ನಲ್ಲಿದ್ದೇವೆ. ಬೇಸಿಗೆಯ ಶನಿವಾರಗಳಲ್ಲಿ ಊರೊಳಗಿನ ಒಂದು ಪಾರ್ಕಿನಲ್ಲಿ ಇದೇ ಆಟ ಆಡುತ್ತಾರೆ, ಹೋಗುತ್ತೇವೆ. ಹತ್ತಿರದ ರೆಂಟನ್‌ನಲ್ಲಿ ವಿಮಾನ ಜೋಡಿಸುವ ಕಡೆ ಕೆಲಸ ಮಾಡುವ ಒಬ್ಬ ಮೆಲ್ಬರ್ನ್ ಮನುಷ್ಯ ಅಲ್ಲಿ ಪರಿಚಯ. ಆ ಪಂದ್ಯವನ್ನು ಅವನು ಟಿವಿಯಲ್ಲಿ ನೋಡಿದವನು. ನನ್ನ ಹೆಂಡತಿ ಖುದ್ದಾಗಿ ಅಲ್ಲಿದ್ದಳೆಂದು ತಿಳಿದಂದಿನಿಂದ ಅವಳಿಗೆ ನೆರಳಿನ ಕುರ್ಚಿ ಕಾದಿರಿಸುತ್ತಾನೆ, ಹೊಸಬರು ಬಂದಾಗಲೆಲ್ಲ ಕಥೆ ಹೇಳಿಸುತ್ತಾನೆ. ಅವಳು ಹೇಳುವುದು ಯಾವಾಗಲೂ "ನಾವು ನೋಡಿದ್ವಿ" ಎಂದೇ. ಆ "ನಾವು" ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ತಿಂಗಳು ಅವನು ನನ್ನ ಕಡೆ ತಿರುಗಿ, ಚೆಂಡು ಕಂಬದೊಳಗೆ ಹೋದಾಗ ನೀನೇನು ಮಾಡಿದೆ ಎಂದು ಕೇಳಿದ. ಕೂಗಿದೆ ಎಂದೆ. ಹೆಂಡತಿ ಚಿಪ್ಸ್ ಪೊಟ್ಟಣ ಬಿಚ್ಚುತ್ತ, ಇವರ ಗಂಟಲು ಎರಡು ದಿನ ಕಟ್ಟಿತ್ತು ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ತನ್ನ ಕಟ್ಟಿದ ಗಂಟಲನ್ನು ನನಗೆ ದಾನ ಮಾಡಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ನನಗೆ ತಡೆಯಲಾಗಲಿಲ್ಲ. "ನಿನ್ನ ಕರುಣೆ ನಂಗೆ ಬೇಡ. ನೀನೊಬ್ಳೇ ನೋಡಿದ್ದು, ನೀನೊಬ್ಳೇ ಇಟ್ಕೊ. ನನ್ನನ್ಯಾಕೆ ಸೇರಿಸ್ತೀಯ?"

ಅವಳು ಕಿಟಕಿಯ ಗಾಜು ಏರಿಸಿದಳು. ಆಮೇಲೆ ಹೇಳಿದಳು: "ನಿಮಗೋಸ್ಕರ ಸೇರಿಸ್ತಿಲ್ಲ. ಚೆಂಡು ಮೇಲಿದ್ದಾಗ ನೀವು ನೆನಪಾಗ್ಲಿಲ್ಲ. ಪಾಪುನೂ ನೆನಪಾಗ್ಲಿಲ್ಲ. ಹಾಲು ಸೋರಿ ಕುರ್ತಾ ಒದ್ದೆ ಆಗಿತ್ತು, ಅದೂ ಗೊತ್ತಾಗ್ಲಿಲ್ಲ. ಎಂಟು ತಿಂಗಳಲ್ಲಿ ಮೊದಲ್ನೇ ಸಲ ನಾನು ಯಾರಿಗೂ ಬೇಕಾಗಿರ್ಲಿಲ್ಲ. ಎಷ್ಟು ಹಾಯಾಗಿತ್ತು ಅಂದ್ರೆ, ಆಮೇಲೆ ನಂಗೇ ಭಯ ಆಯ್ತು. ಅದಕ್ಕೇ ಪ್ರತಿ ಸಲ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ತೀನಿ."

ನಾನು ಇಂಡಿಕೇಟರ್ ಹಾಕಿ 405 ಹೈವೇಯಿಂದ ಇಳಿದೆ.

ಆ ಕಿಕ್ಕಿನ ವಿಡಿಯೊ ಎಲ್ಲ ಕಡೆ ಸಿಗುತ್ತದೆ, ನೂರು ಸಲ ನೋಡಿದ್ದೇನೆ. ಅವಳ ಮುಖ ಅದರಲ್ಲಿಲ್ಲ. ನಾನಿಲ್ಲದಾಗ ಅಷ್ಟು ಹಾಯಾಗಿದ್ದ ನನ್ನ ಹೆಂಡತಿಯನ್ನು ನೋಡಿದವರು ಆ ದಿನ ಅವಳ ಅಕ್ಕಪಕ್ಕ ಕೂತಿದ್ದ ಯಾರೋ ನಾಲ್ಕು ಜನ. ಈಗ ನನ್ನ ಹೊಟ್ಟೆಕಿಚ್ಚು ಅವರ ಮೇಲೆ.