ಬರೀ ನೀರಿನ ಅಳತೆ

ಲ್ಯಾಬಿನ ಬಾಗಿಲಲ್ಲೇ ಮೇಡಂ ಬಳೆ, ಉಂಗುರ, ಗಡಿಯಾರ ಕಳಚಿ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದರು. ಲೇಸರ್ ಕಿರಣ ಲೋಹಕ್ಕೆ ತಾಗಿ ಯಾರದಾದರೂ ಕಣ್ಣಿಗೆ ಹಾರಬಹುದೆಂಬ ಎಚ್ಚರ. ಉಂಗುರ ಕೂತಿದ್ದ ಜಾಗದಲ್ಲಿ ಬಿಳಿಚಿದ ಗೆರೆಯೊಂದು ಕಾಣುತ್ತಿತ್ತು.

ಅವರು ನನ್ನ ಪಿಎಚ್.ಡಿ. ಗೈಡ್. ಹನುಮಂತನಗರದಿಂದ ಬಸ್ಸಿನಲ್ಲಿ ಬರುವಾಗ ನನಗೂ ಒಂದು ಡಬ್ಬಿ ಅವಲಕ್ಕಿ ತರುತ್ತಿದ್ದರು. ಪ್ರೋಟೀನಿಗೆ ಅಂಟಿಕೊಂಡ ನೀರು ಎಷ್ಟು ಬೇಗ ಕದಲುತ್ತದೆ ಎಂಬುದೇ ಅವರ ಜೀವಮಾನದ ಪ್ರಶ್ನೆ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಬೆಳಕಿನ ಮಿಡಿತಗಳಿಂದ ಅದನ್ನು ಅಳೆಯುತ್ತಿದ್ದೆವು.

"ಮೊದ್ಲು ಬರೀ ನೀರು ನೋಡಪ್ಪ, ಆಮೇಲೆ ಪ್ರೋಟೀನು" ಎನ್ನುವುದು ಅವರ ನಿತ್ಯದ ಮಾತು. ಪ್ರೋಟೀನ್ ಹಾಕದ ಉಪ್ಪುನೀರನ್ನು ದಿನವೂ ಮೊದಲು ಅಳೆಯಲೇಬೇಕು; ಇಲ್ಲದಿದ್ದರೆ ಆ ನೀರಿನಲ್ಲೇ ಇರುವ ಕೊಳೆಯ ಪರಿಣಾಮ ಪ್ರೋಟೀನಿನದೆಂದು ಕಂಡುಬಿಡಬಹುದು. ಒಂದು ದಿನ ಸೋಮಾರಿತನದಿಂದ ಅದನ್ನು ಬಿಟ್ಟೆ. ಹಿಂದಿನ ವಾರದ ಅಳತೆಗೇ ಹೊಸ ತಾರೀಖು ಹಾಕಿ ಬರೆದುಕೊಂಡೆ. ಅಂದೇ ಯಾರೂ ಕಂಡಿರದಷ್ಟು ನಿಧಾನವಾಗಿ ಕದಲುವ ನೀರು ಸಿಕ್ಕಿತು. ಮೇಡಂ ಆಟೊದಲ್ಲಿ ಗಾಂಧಿ ಬಜಾರಿಗೆ ಕರೆದೊಯ್ದು ದೋಸೆ ಕೊಡಿಸಿದರು. ಪ್ರಬಂಧ ಅಚ್ಚಾಯಿತು.

ವರ್ಷದೊಳಗೆ ಬೇರೆ ಲ್ಯಾಬಿನವರು ತಮಗದು ಕಾಣುತ್ತಿಲ್ಲವೆಂದು ಬರೆದರು. ನಮಗೂ ಮತ್ತೆ ಕಾಣಲಿಲ್ಲ.

"ಆವತ್ತು ಬರೀ ನೀರು ಅಳೆದಿದ್ದೆ ತಾನೇ?" ಎಂದು ಮೇಡಂ ಕೇಳಿದರು.

"ಅಳೆದಿದ್ದೆ ಮೇಡಂ."

"ಹಾಗಿದ್ರೆ ಲೇಸರ್‌ದೇ ಏನೋ ತಪ್ಪು. ನಾನೇ ಸರಿಯಾಗಿ ನೋಡ್ಬೇಕಿತ್ತು."

ಅವರು ಊಟಕ್ಕೆ ಹೋದಾಗ ಫ್ರಿಜ್ಜಿನ ಮೂಲೆಯಲ್ಲಿ ಉಳಿದಿದ್ದ ಆ ದಿನದ ಉಪ್ಪುನೀರನ್ನು ಹುಡುಕಿ ಅಳೆದೆ. ಕೊಳೆ ಅದರಲ್ಲೇ ಇತ್ತು. ಪ್ರೋಟೀನಿಲ್ಲದೆಯೂ ಅದೇ ನಿಧಾನ. ಬಾಟಲಿಯನ್ನು ಸಿಂಕಿಗೆ ಸುರಿದೆ.

ಮೇಡಂ ತಪ್ಪು ತಮ್ಮದೆಂದು ಬರೆದು ಪ್ರಬಂಧವನ್ನು ಹಿಂಪಡೆದರು. ಎರಡು ವರ್ಷ ಕನ್ನಡಿ, ಲೆನ್ಸುಗಳನ್ನು ಬಿಚ್ಚಿ ಜೋಡಿಸುತ್ತಾ ಇಲ್ಲದ ದೋಷ ಹುಡುಕಿದರು. ಹೊಸ ವಿದ್ಯಾರ್ಥಿಗಳು ಅವರ ಬಳಿ ಸೇರಲಿಲ್ಲ. ನನಗೆ ಡಿಗ್ರಿ ಬಂತು, ಔಷಧಿ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿತು. ಅರೆಕೆರೆಯಲ್ಲಿ ಮನೆ ಮಾಡಿದೆ.

ಕಳೆದ ವರ್ಷ ಅವರಿಗೆ ಕಾಯಿಲೆಯೆಂದು ತಿಳಿದು, ಎಲ್ಲ ಹೇಳಿಬಿಡಬೇಕೆಂದೇ ಹನುಮಂತನಗರಕ್ಕೆ ಹೋದೆ. ದಿಂಬಿಗೆ ಒರಗಿದ್ದ ಅವರೇ ಮಾತು ತೆಗೆದರು.

"ಆ ನಿಧಾನ ಎಲ್ಲಿಂದ ಬಂತು ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ ಕಣಪ್ಪ. ನಿಂಗೇನಾದ್ರೂ ಹೊಳೀತಾ?"

ಜಾರಿದ್ದ ಅವರ ಹೊದಿಕೆಯನ್ನು ಸರಿಮಾಡಿದೆ.

"ಇಲ್ಲ ಮೇಡಂ" ಎಂದೆ.

ಹತ್ತು ದಿನಕ್ಕೆ ತೀರಿಕೊಂಡರು. ಬನಶಂಕರಿಯ ಚಿತಾಗಾರದ ಮುಂದೆ ಅವರ ತಂಗಿ ನನ್ನನ್ನು ನೆಂಟರಿಗೆ ಪರಿಚಯಿಸಿದರು: "ಇವ್ರು ಅಕ್ಕನ ಸ್ಟೂಡೆಂಟು. ಇವ್ರು ಅಳೆದಿದ್ದು ಅಂದ್ರೆ ಅಕ್ಕ ಎರಡನೇ ಸಲ ನೋಡ್ತಾನೇ ಇರ್ಲಿಲ್ಲ."

ನಾನು ಎಲ್ಲರಿಗೂ ಕೈಮುಗಿದೆ.