ಅವ್ವ ಮತ್ತು ನನ್ನ ಪ್ಲಾಸ್ಮಿಡ್

ಮೈಸೂರಿನಲ್ಲಿ ಪಿಎಚ್‌ಡಿಗೆ ಸೇರಿದ ಎರಡನೇ ವರ್ಷ ನಾನೊಂದು ಪ್ಲಾಸ್ಮಿಡ್ ಕಟ್ಟಿದೆ. ಪ್ಲಾಸ್ಮಿಡ್ ಎಂದರೆ ಬಳೆಯಂತೆ ದುಂಡಗಿರುವ ಡಿಎನ್‌ಎ. ಮನುಷ್ಯರ ಜೀವಕೋಶ ಒಂದು ಎರಡಾಗುವಾಗ ದುಡಿಯುವ ಪ್ರೋಟೀನೊಂದರ ಜೀನನ್ನು, ಒಂದೇ ಒಂದು ಅಕ್ಷರ ಬದಲಿಸಿ, ಅದರಲ್ಲಿ ಸೇರಿಸಿದ್ದೆ. ಹೀಗೆ ಬದಲಾದ ಪ್ರೋಟೀನ್ ಕೋಶದ ವಿಭಜನೆಯನ್ನು ಅರ್ಧದಲ್ಲೇ ನಿಲ್ಲಿಸುತ್ತದೆ. ಅದು ಸದಾ ತಯಾರಾಗುತ್ತಿದ್ದರೆ ಕೋಶ ಉಳಿಯುವುದಿಲ್ಲ. ಅದಕ್ಕೇ ಒಂದು ಸ್ವಿಚ್ಚನ್ನೂ ಇಟ್ಟಿದ್ದೆ: ಡಾಕ್ಸಿಸೈಕ್ಲಿನ್ ಎಂಬ ಮದ್ದು ಹಾಕಿದಾಗ ಮಾತ್ರ ಪ್ರೋಟೀನ್ ತಯಾರಾಗಬೇಕು.

ಆದರೆ ಅದನ್ನು ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಸೇರಿಸಿದರೆ, ಮದ್ದು ಹಾಕದಿದ್ದರೂ ಪ್ರೋಟೀನ್ ತಯಾರಾಗುತ್ತಿತ್ತು. ಮತ್ತೆ ಕಟ್ಟಿದೆ. ಅಕ್ಷರ ಅಕ್ಷರ ಓದಿಸಿ ನೋಡಿದೆ, ಎಲ್ಲ ಸರಿಯಿತ್ತು. ಕೋಶಗಳು ಮಾತ್ರ ಸಾಯುತ್ತಲೇ ಇದ್ದವು. ಏಳು ತಿಂಗಳಾದ ಮೇಲೆ ಗೈಡ್ ಮೇಡಂ, "ನಾಲ್ಕು ದಿನ ಊರಿಗೆ ಹೋಗಿ ಬಾ" ಎಂದರು.

ಊರು ಶನಿವಾರಸಂತೆಯ ಹತ್ತಿರ. ಕಾಫಿ ಕುಯ್ಲು ನಡೆಯುತ್ತಿತ್ತು. ಅವ್ವ ಏಳನೇ ಕ್ಲಾಸಿನವರೆಗೆ ಓದಿದವಳು, ಮೂರು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ. ಬೆಳಿಗ್ಗೆ ಹಾಲು ಕರೆಯುತ್ತಾ ಕೇಳಿದಳು: "ಏನ್ ಮಗ್ಳೇ, ಬಂದಾಗಿಂದ ಮಾತೇ ಇಲ್ಲ?"

ತಿಳಿಯುವ ಹಾಗೆ ಎಲ್ಲ ಹೇಳಿದೆ. ಅವಳು ಹಾಲು ಕರೆಯುತ್ತಲೇ, "ಅವುಕ್ಕೆ ತಿನ್ನಕೆ ಏನ್ ಹಾಕ್ತೀರ?" ಎಂದಳು.

"ಉಪ್ಪು, ಸಕ್ಕರೆ ಎಲ್ಲ ಇರೋ ನೀರು. ಅದ್ರ ಜೊತೆ ಕರುವಿನ ರಕ್ತದಿಂದ ತೆಗ್ದಿದ್ದು ಒಂದಿರ್ತದೆ, ಸೀರಮ್ ಅಂತ."

"ಕರುವಿಂದಾ?" ಅವ್ವನ ಕೈ ನಿಂತಿತು. ಆಮೇಲೆ ಕೇಳಿದಳು: "ನಿನ್ ಮದ್ದು ಯಾವ್ದು? ಹಸೀಗೆ ಹಾಕೋ ಸೈಕ್ಲಿನ್ನಾ?"

"ಹೂಂ, ಅದೇ ಗುಂಪಿಂದು."

"ಹೋದ್ ತಿಂಗ್ಳು ಕೆಂಪು ಹಸೀಗೆ ಜ್ವರ ಬಂದಾಗ ಡಾಕ್ಟ್ರು ಅದ್ನೇ ಚುಚ್ಚಿದ್ರು. ಹಾಲಿಗೆ ಮದ್ದು ಇಳಿತದೆ, ಒಂದ್ ವಾರ ಡೈರಿಗೆ ಹಾಕ್ಬೇಡಿ ಅಂದ್ರು. ಹಾಲಿಗೆ ಬರೋದು ರಕ್ತಕ್ಕೆ ಬರಕಿಲ್ವಾ?"

ಹಸು ಕರುಗಳಿಗೆ ಕೊಟ್ಟ ಮದ್ದು ಸೀರಮ್‌ನಲ್ಲಿ ಉಳಿದಿದ್ದರೆ ನನ್ನ ಸ್ವಿಚ್ಚು ತಾನಾಗಿಯೇ ಹತ್ತಿಕೊಳ್ಳುತ್ತದೆ. ಇದು ಲೇಖನಗಳಲ್ಲಿ ಇಲ್ಲದ ಸಂಗತಿಯಲ್ಲ. ಓದಿ, ಗೆರೆಯನ್ನೂ ಎಳೆದಿದ್ದೆ. ಆದರೂ ನಮ್ಮದೇ ಲ್ಯಾಬಿನ ಫ್ರಿಜ್ಜಿನಲ್ಲಿದ್ದ ಸೀರಮ್ ಬಾಟಲಿಯ ಮೇಲೆ ಅನುಮಾನ ಬಂದಿರಲಿಲ್ಲ. ಅಂಗಳದಿಂದಲೇ ಮೇಡಂಗೆ ಫೋನ್ ಮಾಡಿದೆ.

"ಸೀರಮ್ ಬದಲಾಯಿಸೋಣ," ಎಂದರು ಅವರು. "ಯಾರಿಗೆ ಹೊಳೆದದ್ದು ಇದು?"

"ನಮ್ಮವ್ವನಿಗೆ, ಮೇಡಂ."

ಆ ಮದ್ದಿನ ಅಂಶವಿಲ್ಲವೆಂದು ಪರೀಕ್ಷಿಸಿದ ಸೀರಮ್ ತರಿಸಿದೆವು. ಎರಡು ತಟ್ಟೆಗಳಲ್ಲಿ ಕೋಶ ಬೆಳೆಸಿ ಒಂದಕ್ಕೆ ಮಾತ್ರ ಡಾಕ್ಸಿಸೈಕ್ಲಿನ್ ಹಾಕಿದೆ. ಮರುದಿನ ನೋಡಿದರೆ ಮದ್ದು ಹಾಕದ ತಟ್ಟೆಯಲ್ಲಿ ಕೋಶಗಳು ನೆಮ್ಮದಿಯಾಗಿ ಹೆಚ್ಚಿಕೊಂಡಿದ್ದವು. ಇನ್ನೊಂದರಲ್ಲಿ ಹೆಚ್ಚಿನವು ದುಂಡಗಾಗಿ, ಎರಡಾಗಲು ಹೊರಟು ಅರ್ಧದಲ್ಲೇ ನಿಂತಿದ್ದವು. ನಾನು ಕಟ್ಟಿದ್ದು ಹೇಳಿದಂತೆ ಕೇಳಿತ್ತು. ಮೈಕ್ರೋಸ್ಕೋಪಿನ ಮುಂದಿನಿಂದ ಏಳಲು ಮನಸ್ಸಾಗಲಿಲ್ಲ. ಈಗ ಬೇರೆ ಪ್ರಯೋಗಾಲಯಗಳೂ ಆ ಪ್ಲಾಸ್ಮಿಡ್ ಕೇಳುತ್ತವೆ. ಕಾಗದದ ಚೂರಿನ ಮೇಲೆ ಅದಿರುವ ದ್ರಾವಣದ ಒಂದು ಹನಿ ಒಣಗಿಸಿ ಅಂಚೆಗೆ ಹಾಕುತ್ತೇನೆ.

ಮುಂದಿನ ಸಲ ಊರಿಗೆ ಹೋದಾಗ ಮೊಬೈಲಿನಲ್ಲಿ ಎರಡೂ ತಟ್ಟೆಗಳ ಫೋಟೊ ತೋರಿಸಿದೆ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನೋಡಿದಳು. ಮಧ್ಯಾಹ್ನ ಚಿಕ್ಕಮ್ಮ ಬಂದಾಗ ಅವ್ವ ಮೊಬೈಲ್ ನನ್ನಿಂದ ಕಸಿದುಕೊಂಡು ಬಳೆ, ಸ್ವಿಚ್ಚು, ಮದ್ದು ಎಲ್ಲವನ್ನೂ ತಾನೇ ವಿವರಿಸಿದಳು. ನನ್ನ ಸೆಮಿನಾರಿಗಿಂತ ಚೆನ್ನಾಗಿತ್ತು.

"ಇವ್ಳು ಕಟ್ಟಿದ್ದು ಮೊದ್ಲಿಂದ್ಲೂ ಸರಿಯಾಗೇ ಇತ್ತು," ಎಂದಳು. "ತಪ್ಪಿದ್ದಿದ್ದು ಮೇವಲ್ಲಿ."

"ನಿಂಗೆ ಹೆಂಗ್ ಗೊತ್ತಾಯ್ತಕ್ಕ?" ಎಂದಳು ಚಿಕ್ಕಮ್ಮ.

"ಏನ್ ತಿನ್ನಸ್ತೀರ ಅಂತ ಕೇಳ್ದೆ," ಎಂದು ಅವ್ವ ಕಾಫಿ ಕಾಸಲು ಎದ್ದಳು.